ತುಟಿಗೆ ಹಚ್ಚಿದ ಮೆಣಸಿನಕಾಯಿ

ಮೊಮ್ಮಗಳು ಗೆಳತಿಯರ ಜೊತೆ ಯಾವುದೋ ಹಾಡಿನ ವಿಡಿಯೋ ನೋಡಿ ಅದರಂತೆಯೇ ಕುಣಿಯುತ್ತಿದ್ದಾಳೆ. ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿಯ ಘಾಟಿಗೆ ನನಗೆ ಬ್ಯಾಡಗಿಯ ನಮ್ಮ ಶಾಲೆ ನೆನಪಾಗುತ್ತಿದೆ.

ಒಂದು ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಗ್ಯಾದರಿಂಗ್‌ನಲ್ಲಿ, ನಾವು ಹುಡುಗಿಯರು ಟಿ.ವಿ.ಯಲ್ಲಿ ನೋಡಿದ ಹಾಡೊಂದನ್ನು ಹಾಗೆಯೇ ಕುಣಿಯಬೇಕಿತ್ತು. ನಡುವೆ ನಿಂತು ಜಡೆ ಬೀಸಿ ಗಿರಗಿರ ತಿರುಗುವವಳು ನಾನು. ಆ ಜಾಗ ತನಗೆ ಸಿಗಲಿಲ್ಲವೆಂದು ಗೆಳತಿ ಕಸ್ತೂರಿ ಮಾತು ಬಿಟ್ಟಿದ್ದಳು. ಆಮೇಲೆ ತಾನೇ ಬಂದು ಹೆಗಲ ಮೇಲೆ ಕೈ ಹಾಕಿದಳು.

ಟಿ.ವಿ.ಯವಳ ತುಟಿ ಕೆಂಪಗಿತ್ತು. ನಮ್ಮಲ್ಲಿ ಯಾರ ಬಳಿಯೂ ಲಿಪ್‌ಸ್ಟಿಕ್ ಇರಲಿಲ್ಲ. ಕಸ್ತೂರಿ ಮೆಣಸಿನಕಾಯಿ ದಲಾಲರ ಮಗಳು. ಗ್ಯಾದರಿಂಗ್ ದಿನ ವೇದಿಕೆಯ ಹಿಂದೆ, ನೀರಿನಲ್ಲಿ ನೆನೆಸಿದ ಎರಡು ಕೆಂಪು ಕಾಯಿ ತಂದಳು.

"ತುಟಿ ಉರಿತೈತಿ, ಬ್ಯಾಡವಾ," ಎಂದೆ.

"ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಅಷ್ಟ. ಖಾರ ಎಲ್ಲೈತೇ ಹುಚ್ಚಿ? ನೋಡಿಲ್ಲೆ."

ಒಂದನ್ನು ತನ್ನ ತುಟಿಗೆ ಒರೆಸಿಕೊಂಡು ನಕ್ಕಳು. ಇನ್ನೊಂದನ್ನು ನನ್ನ ತುಟಿಗೆ ತಾನೇ ಪ್ರೀತಿಯಿಂದ ತಿಕ್ಕಿದಳು.

ತುಟಿಗೆ ಬೆಂಕಿ ಬಿದ್ದಂತಾಯಿತು. ಅವ್ವ ಓಡಿ ಬಂದು ನೀರು ಹಾಕುವಷ್ಟರಲ್ಲಿ ವೇದಿಕೆಯ ಮೇಲೆ ಹಾಡು ಶುರುವಾಗಿತ್ತು. ಅವ್ವ ನೆಲದಿಂದ ಎರಡೂ ಕಾಯಿ ಎತ್ತಿ ನೋಡಿದಳು. ಕಸ್ತೂರಿಯದು ಮೈತುಂಬ ಸುಕ್ಕು. ನನ್ನದು ನುಣ್ಣಗಿತ್ತು.

"ಸುಕ್ಕಿನದು ನಮ್ಮ ಬ್ಯಾಡಗೀದು. ಈ ನುಣ್ಣಗಿರೂದು ಗುಂಟೂರದ್ದು. ಬಾಯಾಗ ಇಡಾಕ ಆಗೂದಿಲ್ಲ, ಅಷ್ಟು ಖಾರ," ಎಂದಳು ಅವ್ವ. "ದಲಾಲರ ಮಗಳಿಗೆ ಇಷ್ಟೂ ಗೊತ್ತಾಗಲಿಲ್ಲೇನು?"

ನಾನು ವೇದಿಕೆಯತ್ತ ನೋಡಿದೆ. ನಡುವೆ ಕಸ್ತೂರಿ ಜಡೆ ಬೀಸಿ ತಿರುಗುತ್ತಿದ್ದಳು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತುಟಿ ಬಾತಿದ್ದರಿಂದ ನಾನು ನಗುತ್ತಿರುವಂತೆ ಕಂಡೆನಂತೆ.