ಪೆಡಲ್ ಮೇಲಿನ ಕಾಲು

ನಾಲ್ಕಕ್ಕೆ ಎರಡು ನಿಮಿಷವಿದ್ದಾಗ ಸಂಹಿತಾ ಸತ್ತುಹೋದ ಅಪ್ಪನ ಫೋನ್ ತೆರೆದು, ಅಪ್ಪನಂತೆಯೇ ಟೈಪ್ ಮಾಡಿದಳು: "ಪೆಡಲ್ ಒತ್ತಿದೆ. ಕ್ಲಾಸ್ ಥರ್ಟಿ ಸೆವೆನ್. ನೀವು?" ಜೊತೆಗೊಂದು ರೈಲು ಇಂಜಿನ್ನಿನ ಫೋಟೋ ಕಳಿಸಿದಳು. ಯಿಶುನ್ ಬಡಾವಣೆಯ ಅವರ ಬ್ಲಾಕಿನ ನೆಲಮಹಡಿಯ ತೆರೆದ ಜಾಗ, ವಾಯ್ಡ್ ಡೆಕ್, ಖಾಲಿಯಿತ್ತು. ಮನೆಯಲ್ಲಿ ಅಮ್ಮನ ಕಣ್ಣೆದುರು ಈ ಕಳ್ಳಾಟ ಅವಳ ಕೈಲಾಗುತ್ತಿರಲಿಲ್ಲ.

ಮೂರು ತಿಂಗಳಿಂದ ನಡೆದಿತ್ತು ಈ ಮೋಸ.

ಅಪ್ಪ ಪದ್ಮನಾಭ ಹೊಟ್ಟೆಪಾಡಿಗೆ ಹಡಗಿನ ಇಂಜಿನಿಯರು. ಜೀವವಿದ್ದದ್ದು ಮಾತ್ರ ಬ್ರಿಟನ್ನಿನ ಹಳೆಯ ಡೀಸೆಲ್ ರೈಲು ಇಂಜಿನ್‌ಗಳಲ್ಲಿ. ಡೆಲ್ಟಿಕ್ ಎಂಬ ಇಂಜಿನ್ನಿನ ತ್ರಿಕೋನ ಹೊಟ್ಟೆಯೊಳಗೆ ಮೂವತ್ತಾರು ಪಿಸ್ಟನ್ನುಗಳು ಎದುರುಬದುರಾಗಿ ಹೇಗೆ ಓಡುತ್ತವೆಂದು ಊಟದ ಮೇಜಿನ ಮೇಲೆ ಚಮಚ ಜೋಡಿಸಿ ತೋರಿಸುತ್ತಿದ್ದರು. ಅಷ್ಟರಲ್ಲಿ ಸಾರು ತಣ್ಣಗಾಗಿರುತ್ತಿತ್ತು.

ಅಂಥದೇ ಇನ್ನೊಂದು ಹುಚ್ಚು ಅದೇ ಊರಿನ ಟೋವಾ ಪಾಯೋದಲ್ಲಿತ್ತು. ಹೆಸರು ಯೋಗೇಶ. ಇಂಟರ್ನೆಟ್ಟಿನಲ್ಲಿ ಸಿಕ್ಕ ಕನ್ನಡಿಗ. ಇಬ್ಬರೂ ಒಮ್ಮೆಯೂ ಮುಖಾಮುಖಿಯಾದವರಲ್ಲ. ದಿನಾ ಜಗಳ ಮಾತ್ರ ತಪ್ಪಿಸಿದವರಲ್ಲ.

ಹೃದಯದ ತೊಂದರೆ ಇಬ್ಬರಿಗೂ ಇತ್ತು. ಹಾಗಾಗಿ ಒಂದು ಒಪ್ಪಂದ. ಆ ಇಂಜಿನ್‌ಗಳಲ್ಲಿ ಚಾಲಕನ ಕಾಲಡಿ ಒಂದು ಪೆಡಲ್ ಇರುತ್ತದೆ, ಡೆಡ್‌ಮ್ಯಾನ್ ಪೆಡಲ್. ಅದನ್ನು ಒತ್ತಿಕೊಂಡೇ ಇರಬೇಕು. ಚಾಲಕ ಸತ್ತು ಕಾಲು ಸರಿದರೆ ರೈಲು ತಾನಾಗಿ ನಿಲ್ಲುತ್ತದೆ. ಇವರ ಪೆಡಲ್ ನಾಲ್ಕು ಗಂಟೆಯ ಮೆಸೇಜು. ಐದರೊಳಗೆ ಸುದ್ದಿಯಿಲ್ಲದಿದ್ದರೆ ಆಂಬುಲೆನ್ಸ್ ಕಳಿಸಬೇಕು.

"ಯೋಗೇಶಂಗೆ ಹೇಳ್ಬೇಡ ಕಣೇ," ಎಂದಿದ್ದರು ಅಪ್ಪ, ಆಸ್ಪತ್ರೆಯಲ್ಲಿ. "ಹೆಂಡ್ತಿ ಹೋದ್ಮೇಲೆ ಅವನು ಇದರ ಮೇಲೇ ನಿಂತಿದಾನೆ. ಇದೂ ನಿಂತ್ರೆ ಅವನು ಉಳಿಯಲ್ಲ. ಪೆಡಲ್ ಬಿಡ್ಬೇಡ."

ಕೈಗೆ ಒಂದು ನೋಟ್‌ಬುಕ್ ಇಟ್ಟಿದ್ದರು. ದಿನಕ್ಕೊಂದರಂತೆ ಮೆಸೇಜುಗಳು, ಯಾವ ಫೋಟೋ ಎಂಬ ಗುರುತಿನ ಸಮೇತ. ನಿನ್ನೆ ಅದರ ಕೊನೆಯ ಪುಟ ಮುಗಿದಿತ್ತು. ಇಂದಿನದು ಅವಳ ಸ್ವಂತದ್ದು.

ಒಂದು ತಿಂಗಳಿಂದ ಯೋಗೇಶ ಅಂಕಲ್ ಸೊರಗಿದಂತಿತ್ತು. ಪುಟಗಟ್ಟಲೆ ವಾದಿಸುತ್ತಿದ್ದವರು ಒಂದೇ ಸಾಲಿಗೆ ಇಳಿದಿದ್ದರು. ಉತ್ತರವೂ ತಡವಾಗುತ್ತಿತ್ತು. ಸಂಹಿತಾಗೆ ಭಯ ಶುರುವಾಗಿತ್ತು.

ಕಳಿಸಿದ ಫೋಟೋವನ್ನು ಮತ್ತೊಮ್ಮೆ ನೋಡಿದಳು. "ಮೂತಿ ನೋಡಿ ಮೋಸ ಹೋಗ್ಬೇಡ, ಚಕ್ರ ಎಣಿಸು," ಎನ್ನುತ್ತಿದ್ದರು ಅಪ್ಪ. "ಥರ್ಟಿ ಸೆವೆನ್‌ಗೆ ಒಂದು ಬದಿಗೆ ಆರು. ಅದೇ ಮೂತಿಯ ಕ್ಲಾಸ್ ಫಾರ್ಟಿಗೆ ಎಂಟು."

ಎಣಿಸಿದಳು. ಎಂಟು.

ಅಳಿಸಲು ಹೋದರೆ ನೀಲಿ ಟಿಕ್ ಬಿದ್ದಾಗಿತ್ತು. ಅಂಕಲ್ ನೋಡಿಬಿಟ್ಟಿದ್ದರು.

ಒಮ್ಮೆ ಇಂಜಿನ್ನಿನ ಕಿಟಕಿಯ ಅಂಚೊಂದನ್ನು ತಪ್ಪಾಗಿ ಹೇಳಿದ್ದಕ್ಕೆ ಮೂರು ದಿನ ಅಪ್ಪನ ಜನ್ಮ ಜಾಲಾಡಿದ್ದ ಮನುಷ್ಯ. ಪದ್ಮನಾಭ ಇಂಥ ತಪ್ಪು ಮಾಡುವವನಲ್ಲ ಎಂದು ಅವರಿಗೆ ಕ್ಷಣದಲ್ಲಿ ಹೊಳೆಯುತ್ತದೆ. ಹೊಳೆದರೆ?

ನಾಲ್ಕೂವರೆ. ಉತ್ತರವಿಲ್ಲ. ನಾಲ್ಕು ಐವತ್ತು. ಸಂಹಿತಾ ನೋಟ್‌ಬುಕ್ ತೆರೆದಳು. ಅಪ್ಪ ಬರೆದಿಟ್ಟಿದ್ದ ಟೋವಾ ಪಾಯೋದ ವಿಳಾಸ ತೆಗೆದಳು. ತನ್ನ ಫೋನಿನಲ್ಲಿ ಆಂಬುಲೆನ್ಸಿನ ನಂಬರ್ ಒತ್ತಿ, ಹಸಿರು ಗುಂಡಿಯ ಮೇಲೆ ಬೆರಳಿಟ್ಟು ಕುಳಿತಳು. ನಾನೇ ಕೊಂದೆ ಎಂದುಕೊಂಡಳು.

ನಾಲ್ಕು ಐವತ್ತಾರಕ್ಕೆ ಅಪ್ಪನ ಫೋನ್ ನಡುಗಿತು.

"ಪೆಡಲ್ ಒತ್ತಿದೆ. ಥರ್ಟಿ ಸೆವೆನ್ ಸೂಪರ್ ಸರ್! ಚಕ್ರ ಎಲ್ಲಾ ಎಷ್ಟು ಕ್ಲಿಯರ್ ಆಗಿ ಕಾಣುತ್ತೆ!"

ಹೋದ ಜೀವ ಬಂದಂತಾಯಿತು. ಅವಳು ನಕ್ಕಳು, ಕಣ್ಣೊರೆಸಿಕೊಂಡಳು, ಲಿಫ್ಟಿನತ್ತ ನಡೆದಳು. ಅರ್ಧ ದಾರಿಯಲ್ಲಿ ನಿಂತು ಆ ಸಾಲನ್ನು ಮತ್ತೆ ಓದಿದಳು. ಚಕ್ರ ಕ್ಲಿಯರ್ ಆಗಿ ಕಂಡೂ ಅಂಕಲ್ ಜಗಳ ತೆಗೆದಿರಲಿಲ್ಲ.

"ಎಷ್ಟು ಚಕ್ರ ಇದೆ, ಹೇಳಿ ನೋಡೋಣ?" ಎಂದು ಟೈಪ್ ಮಾಡಿದಳು.

ಆ ಕಡೆಯವರು ಬರೆಯುತ್ತಿರುವ ಗುರುತು ಮೂಡಿತು. ಅಳಿಯಿತು. ಮತ್ತೆ ಮೂಡಿತು. ಲಿಫ್ಟ್ ಬಂದು ಬಾಗಿಲು ತೆರೆದು, ಮುಚ್ಚಿ, ಮೇಲೆ ಹೋಯಿತು.

"ಸಾರಿ ಅಂಕಲ್, ನಾನು ಆಯುಷ್, ಯೋಗೇಶ ಅವರ ಮಗ. ಅಪ್ಪ ಹೋಗಿ ಒಂದು ತಿಂಗಳಾಯ್ತು, ನೀವು ತಡ್ಕೊಳಲ್ಲ, ಪೆಡಲ್ ಬಿಡ್ಬೇಡ ಅಂದಿದ್ರು... ಅಂಕಲ್, ನೀವು ಓಕೆ ತಾನೇ?"