ಫ್ರೀಜರಿಗೆ ಹೋದ ತೆಂಗಿನಕಾಯಿ

ಇವತ್ತಿಗೂ ಫ್ರೀಜರ್ ತೆರೆದಾಗ ಮುಖಕ್ಕೆ ಬಡಿಯುವ ತಣ್ಣನೆ ಗಾಳಿಯಲ್ಲಿ ನನಗೆ ಹುರಿದ ಧನಿಯದ ವಾಸನೆ ಬರುತ್ತದೆ.

ತಮ್ಮ ಹುಟ್ಟುವುದಕ್ಕೆ ಇನ್ನು ಎಂಟೋ ಹತ್ತೋ ದಿನವಿತ್ತು. ಹೆರಿಗೆಗೆ ಹೋಗಲು ಅಮ್ಮನಿಗೆ ತವರಿರಲಿಲ್ಲ. ಆ ಮಧ್ಯಾಹ್ನ ಅವಳು ಹತ್ತು ತೆಂಗಿನಕಾಯಿ ತುರಿದು, ಮಸಾಲೆಯೊಡನೆ ಗಟ್ಟಿಯಾಗಿ ರುಬ್ಬಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟುತ್ತಿದ್ದಳು. ಬೆಂದ ಬೇಳೆಗೆ ಒಂದು ಉಂಡೆ ಹಾಕಿ ಕುದಿಸಿದರೆ ಅಪ್ಪನೂ ಸಾರು ಮಾಡಿಯಾನು ಎಂಬುದು ಅವಳ ಲೆಕ್ಕಾಚಾರ.

ಅಜ್ಜಿ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. "ತೋಟದ ತುಂಬ ಕಾಯಿ ಇಟ್ಕಂಡು ತಂಗ್ಳು ಕಾಯಿ ತಿನ್ಬೇಕೇನೇ? ತುರುವೇಕೆರೆ ನಂಟ್ರು ಕೇಳುದ್ರೆ ಉಗೀತಾರೆ ಕಣೇ."

"ಇವಳು ಹುಟ್ದಾಗ ಹನ್ನೊಂದು ದಿನ ಕಳೀತಿದ್ದಂಗೇ ನನ್ನ ತುರಿಮಣೆ ಮೇಲೆ ಕೂರ್ಸಿದ್ರಲ್ಲ ಅತ್ತೆ," ಎಂದಳು ಅಮ್ಮ, ಉಂಡೆ ಕಟ್ಟುತ್ತಲೇ ನನ್ನ ಕಡೆ ಕಣ್ಣು ತೋರಿ. "ಆಗ ಯಾವ ನಂಟ್ರೂ ಉಗೀಲಿಲ್ಲ."

ಉಂಡೆಗಳನ್ನೆಲ್ಲ ಫ್ರೀಜರಿನಲ್ಲಿ ಜೋಡಿಸಿ, ತುಂಬು ಬಸುರಿನ ಹೊಟ್ಟೆಯಿಂದಲೇ ಫ್ರಿಜ್ಜಿನ ಬಾಗಿಲು ದೂಡಿ ಮುಚ್ಚಿದಳು. ಆಮೇಲೆ ತುರಿಮಣೆ ತೊಳೆದು ನನ್ನ ಕೈಗಿಟ್ಟಳು.

"ಅಟ್ಟಕ್ಕೆ ಹಾಕ್ ಬಾ. ಉಂಡೆ ಮುಗಿಯೋವರ್ಗೂ ಇದು ಕೆಳಕ್ಕಿಳೀಬಾರ್ದು."

ಅಜ್ಜಿ ಬಾಗಿಲು ಬಿಟ್ಟು ಕದಲಲಿಲ್ಲ. ನಾನು ಅವಳ ಸೆರಗು ಸರಿಸಿಕೊಂಡು ಆಚೆ ಬಂದು, ಅವಳು ನೋಡುತ್ತಿದ್ದಂತೆಯೇ ಏಣಿ ಹತ್ತಿದೆ.