ಹೆಂಡತಿಯ ಕಾರಿನ ಚೈನ್

ಮೇಸ್ತ್ರಿಯ ಹೆಂಡತಿಯ ಕಾರು ಪಾಲುದಾರನ ಗ್ಯಾರೇಜಿನ ಮುಂದೆ ನಿಂತಿತ್ತು.

ಬೀದಿಯ ಆಚೆ ಬದಿಯಲ್ಲಿ, ಔಷಧಿ ಅಂಗಡಿಯ ಬೋರ್ಡಿನ ಮರೆಯಲ್ಲಿ ನಿಂತು ಮೇಸ್ತ್ರಿ ನೋಡಿದ. ಬಾನೆಟ್ ತೆರೆದಿತ್ತು. ಪಾಲುದಾರ ಬಗ್ಗಿ ಏನೋ ಹೇಳುತ್ತಿದ್ದ, ಅವಳು ತಲೆಯಾಡಿಸುತ್ತಿದ್ದಳು. ನಡುವೆ ಒಮ್ಮೆ ನಕ್ಕಳು ಕೂಡ. ಮನೆಯಲ್ಲಿ ಅವಳು ಹಾಗೆ ನಕ್ಕು ಎಷ್ಟು ಕಾಲವಾಯಿತೋ ಅವನಿಗೆ ನೆನಪಿಲ್ಲ.

ಪಾಲುದಾರ ಎಂಬುದು ಹಳೆಯ ಹೆಸರು. ಇಬ್ಬರೂ ಒಂದೇ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡು, ಕೊನೆಗೆ ಮುಖ ತಿರುಗಿಸಿಕೊಂಡು ಬೇರೆಯಾದವರು. ಆಮೇಲೆ ಮೇಸ್ತ್ರಿಯ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಜಾರಿದರು. ಪಾಲುದಾರನೇ ಅವರ ತಲೆ ಕೆಡಿಸಿದ್ದಾನೆ ಎಂದು ಮೇಸ್ತ್ರಿ ನಂಬಿದ್ದ. ಈಗ ಹೆಂಡತಿಯೂ. ದರ್ಜಿಯ ಹೆಂಡತಿ ಪಕ್ಕದ ಅಂಗಡಿಯಲ್ಲಿ ರವಿಕೆ ಹೊಲಿಸಿಕೊಂಡರೆ ಬೀದಿ ಸುಮ್ಮನಿರುತ್ತದೆಯೆ?

ರಾತ್ರಿ ಊಟಕ್ಕೆ ಎದುರುಬದುರು ಕೂತಾಗ ನೇರವಾಗಿ ಕೇಳಿದ. "ಅವನ ಹತ್ರ ಯಾಕೆ ಹೋಗಿದ್ದೆ?"

ಅವಳು ಬೆಚ್ಚಲಿಲ್ಲ. "ಸ್ಟಾರ್ಟ್ ಮಾಡಿದ್ರೆ ಸಾಕು, ಕರಕರ ಅಂತಿದೆ ಕಾರು. ಟೈಮಿಂಗ್ ಚೈನ್ ಸವೆದಿದೆಯಂತೆ. ತುಂಡಾದ್ರೆ ಎಂಜಿನ್ನೇ ಹೋಯ್ತು ಅಂದ್ರು."

"ನಾನೇನು ಸತ್ತಿದ್ನಾ?"

"ನಿಮಗೆ ಹೇಳಿ ಹೇಳಿ ಸಾಕಾಯ್ತು. ಕೇಳಿಸ್ಕೊಂಡ್ರಾ ಒಂದಿನಾನಾದ್ರೂ?"

ಹಸಿ ಸುಳ್ಳು, ಎಂದುಕೊಂಡ. ಅವಳು ಒಮ್ಮೆಯೂ ಹೇಳಿರಲಿಲ್ಲ. ಅದೂ ಅಲ್ಲದೆ ಮೊನ್ನೆಯಷ್ಟೇ ಆ ಕಾರನ್ನು ಅವನೇ ಓಡಿಸಿದ್ದ. ಕರಕರವೂ ಇಲ್ಲ, ಮಣ್ಣೂ ಇಲ್ಲ.

ಅವನನ್ನು ನಿಜವಾಗಿ ಸುಡುತ್ತಿದ್ದದ್ದು ಬೇರೆ. ಮನೆಯಲ್ಲಿ ಮಾತು ಬತ್ತಿಹೋಗಿತ್ತು. ಹೇಳಬೇಕಾದ್ದನ್ನು ಅವಳು ಬಾಯೊಳಗೇ ಗೊಣಗಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ತಂಗಿಯ ಜೊತೆ ಫೋನಿನಲ್ಲಿ ಪಿಸುಗುಟ್ಟುವಳು. ಬೇಕೆಂದೇ ಟಿ.ವಿ.ಯನ್ನೂ ಸಣ್ಣಗೆ ಇಟ್ಟುಕೊಂಡು ನೋಡುವಳು. ಎಷ್ಟೋ ಸಲ ಕಳ್ಳಹೆಜ್ಜೆಯಲ್ಲಿ ಬಂದು ಬೆನ್ನ ಹಿಂದೆ ನಿಂತಿರುತ್ತಿದ್ದಳು, ಮುಖ ಗಂಟು ಹಾಕಿಕೊಂಡು. ಒಂದೇ ಸೂರಿನಡಿ ಇಬ್ಬರು ಬಾಡಿಗೆಯವರು ಇದ್ದ ಹಾಗಿತ್ತು. ತಾನು ಅವಳಿಗೆ ಬೇಡವಾಗಿದ್ದೇನೆ ಎಂಬುದು ಅವನ ಎದೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಕಾರನ್ನು ಮನೆಯ ಪಕ್ಕದಲ್ಲೇ ಇದ್ದ ತನ್ನ ಷೆಡ್ಡಿಗೆ ತಳ್ಳಿದ. ಎಂಜಿನ್ ಬಿಚ್ಚಿದರೆ ಸತ್ಯ ಹೊರಬೀಳುತ್ತದೆ. ಚೈನ್ ಚೆನ್ನಾಗಿದ್ದರೆ ಅವಳು ಹೇಳಿದ್ದು ನೆಪ, ಹೋಗಿದ್ದು ಬೇರೇನಕ್ಕೋ. ಹಾಗಾದರೆ ಈ ಸಂಸಾರ ಇಲ್ಲಿಗೆ ಮುಗಿಯಿತು.

ಎಣ್ಣೆ ಇಳಿಸಿದ. ಬೆಲ್ಟ್ ಕಳಚಿ, ಪುಲ್ಲಿ ತೆಗೆದು, ಮುಂದಿನ ಕವರಿನ ಬೋಲ್ಟುಗಳನ್ನು ಸಡಿಲಿಸಿದ. ಕವರ್ ಕಳಚಿಬಂತು.

ಚೈನ್ ಜೋತುಬಿದ್ದಿತ್ತು. ಅದು ಉಜ್ಜಿ ಉಜ್ಜಿ ಪಕ್ಕದ ಪಟ್ಟಿಯಲ್ಲಿ ಬೆರಳು ಹೋಗುವಷ್ಟು ಕಾಲುವೆ ಬಿದ್ದಿತ್ತು.

ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದು ಕೂತ. ಹಾಗಾದರೆ ಅವಳು ಸುಳ್ಳು ಹೇಳಿಲ್ಲ! ಸಂತೋಷಕ್ಕೋ ನಾಚಿಕೆಗೋ ಕಣ್ಣು ತುಂಬಿಕೊಂಡಿತು. ಇಷ್ಟು ಸವೆದ ಚೈನ್ ಮೊನ್ನೆ ಯಾಕೆ ಸುಮ್ಮನಿತ್ತು ಎಂಬ ಪ್ರಶ್ನೆ ಒಮ್ಮೆ ಇಣುಕಿತು. ಆಗಷ್ಟೇ ಹಾಕಿದ್ದ ಹೊಸ ಎಣ್ಣೆ ದಪ್ಪಗಿತ್ತಲ್ಲ, ಅದಕ್ಕೇ ಇರಬೇಕು, ಎಂದು ಅದನ್ನು ಅಲ್ಲೇ ಅದುಮಿದ.

ಬಿಡಿಭಾಗದ ಅಂಗಡಿಗೆ ಓಡಿ ಹೊಸ ಚೈನ್ ತಂದ. ಮೇಲಿನ ಹಲ್ಲುಚಕ್ರದ ಗುರುತು, ಕೆಳಗಿನದರ ಗುರುತು, ಎರಡನ್ನೂ ಸರಿಗೂಡಿಸಿ ತೊಡಿಸಿದ. ಚೈನನ್ನು ಬಿಗಿ ಹಿಡಿಯುವ ಟೆನ್ಷನರನ್ನು ಅದುಮಿ, ಹಿಂದೆ ಚಿಮ್ಮದಂತೆ ಸಣ್ಣದೊಂದು ಪಿನ್ನು ಸಿಕ್ಕಿಸಿ ಕೂರಿಸಿದ. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಮಾತು ಹುಡುಕುತ್ತಿತ್ತು. ಏನು ಹೇಳಿ ಶುರು ಮಾಡಲಿ? 'ತಪ್ಪಾಯ್ತು ಕಣೇ' ಅನ್ನಲೇ? ಅಂದರೆ ಯಾವ ತಪ್ಪು ಅಂತ ಕೇಳುತ್ತಾಳೆ. ಅನುಮಾನಪಟ್ಟೆ ಅಂತ ಯಾವ ಬಾಯಲ್ಲಿ ಹೇಳಲಿ? ಮೊದಲು ಕಾರಿನಲ್ಲಿ ಕೂರಿಸಿಕೊಂಡು ಎಲ್ಲಿಗಾದರೂ ಹೋಗಿಬರುವುದು, ಮಾತು ದಾರಿಯಲ್ಲಿ ತಾನಾಗಿಯೇ ಬರುತ್ತದೆ. ಹೀಗೆ ಲೆಕ್ಕ ಹಾಕುತ್ತ ಕವರ್ ಮುಚ್ಚಿದ, ಬೋಲ್ಟು ಬಿಗಿದ, ಎಣ್ಣೆ ತುಂಬಿದ.

ಸೀಟಿನಲ್ಲಿ ಕೂತು ಕೀ ತಿರುಗಿಸಿದ. ಎಂಜಿನ್ ಗುಂಯ್ ಎಂದು ಎದ್ದು ಬೆಣ್ಣೆಯಂತೆ ಓಡಿತು. ಮೇಸ್ತ್ರಿ ಮೀಸೆಯಡಿಯಲ್ಲೇ ನಕ್ಕ. ಆ ಪಾಲುದಾರ ತಲೆಕೆಳಗಾಗಿ ನಿಂತರೂ ಹೀಗೆ ಕೂರಿಸಲಾರ.

ಕನ್ನಡಿಯಲ್ಲಿ ಹೆಂಡತಿ ಕಂಡಳು. ಎರಡೂ ಕಿವಿ ಮುಚ್ಚಿಕೊಂಡು ಷೆಡ್ಡಿನೊಳಗೆ ಓಡಿಬರುತ್ತಿದ್ದಳು. ಬಂದವಳೇ ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸಿ ಎಂಜಿನ್ ಆರಿಸಿದಳು. ಅವನ ಮುಖಕ್ಕೆ ಮುಖ ತಂದು ರೇಗಿದಳು.

"ಏನ್ರೀ ಇದು! ಕಿವಿ ಕಿತ್ತುಹೋಗೋ ಹಾಗೆ ಕಿರುಚ್ತಿದೆ ಎಂಜಿನ್ನು! ಕಬ್ಬಿಣ ಉಜ್ಜಿದ ಹಾಗೆ!"

ಪಿನ್ನು! ಅದನ್ನು ಎಳೆಯಲು ಅವನು ಮರೆತೇಬಿಟ್ಟಿದ್ದ. ಟೆನ್ಷನರ್ ಬಿಗಿ ಹಿಡಿಯದೆ ಸಡಿಲವಾಗೇ ಉಳಿದ ಚೈನ್ ಕವರನ್ನೇ ಉಜ್ಜಿರಬೇಕು. ಆದರೆ...

"ಎಲ್ಲಿ ಕಿರುಚ್ತು?" ಅವನು ಕೇಳಿದ. "ನುಣ್ಣಗೆ ಓಡ್ತಿತ್ತಲ್ಲೇ."

ಅವಳ ಸಿಟ್ಟು ಮುಖದಲ್ಲೇ ಇಂಗಿತು. ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಾರಿನ ಹಿಂದಕ್ಕೆ ನಡೆದು ಷೆಡ್ಡಿನ ಬಾಗಿಲ ಬಳಿ ನಿಂತಳು. ಹೊರಟೇಹೋದಳೋ ಎಂದು ಮೇಸ್ತ್ರಿ ಕನ್ನಡಿಯತ್ತ ಕಣ್ಣೆತ್ತಿದ.

ಅವಳು ಹೋಗಿರಲಿಲ್ಲ, ಅಲ್ಲೇ ನಿಂತು, ಕಣ್ಣೀರು ಒರೆಸಿಕೊಳ್ಳುತ್ತ, ಬಾಯಿ ತುಂಬ ಅವನನ್ನು ಕರೆಯುತ್ತಿದ್ದಳು, ಮತ್ತೆ ಮತ್ತೆ, ಮತ್ತು ಆ ನಿಶ್ಶಬ್ದ ಷೆಡ್ಡಿನಲ್ಲಿ ಅವನಿಗೆ ಏನೂ ಕೇಳಿಸುತ್ತಿರಲಿಲ್ಲ.